ಟೈರ್ ಬದಲಿಸುವ ಮುನ್ನ: ಶೋರೂಮೋ, ಟೈರ್ ಅಂಗಡಿಯೋ?

ಮೃಗಶಿರಾ ಮಳೆ ಹಿಡಿಯುವುದರೊಳಗೆ ಕಾರಿನ ಟೈರ್ ಬದಲಿಸಿಬಿಡಬೇಕು ಎನ್ನುವವರು ನಮ್ಮ ಮಲೆನಾಡಿನಲ್ಲಿ ಬಹಳ. ಈ ಸಂಚಿಕೆಗೆ ಬಂದ ಪ್ರಶ್ನೆಗಳೂ ಬಹುಪಾಲು ಅದರ ಸುತ್ತಲೇ ಇವೆ. ಒಂದೇ ಬಗೆಯವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 43,000 ಕಿ.ಮೀ. ಓಡಿದೆ. ಸರ್ವಿಸ್‌ಗೆ ಬಿಟ್ಟಾಗ ಶೋರೂಮಿನವರು ನಾಲ್ಕೂ ಟೈರ್ ಬದಲಿಸಬೇಕು ಎಂದು ಅಂದಾಜು ಪಟ್ಟಿ ಕೊಟ್ಟರು. ಅದೇ ಕಂಪನಿಯ ಟೈರಿಗೆ ಪೇಟೆಯ ಟೈರ್ ಅಂಗಡಿಯಲ್ಲಿ ಕಡಿಮೆ ದರ ಹೇಳುತ್ತಾರೆ. ಹೊರಗೆ ಹಾಕಿಸಿದರೆ ಕಾರಿನ ವಾರಂಟಿ ಹೋಗುತ್ತದೆಯೇ? ಯಾವುದು ಮೇಲು?
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ವಾರಂಟಿ ಹೋಗುವುದಿಲ್ಲ. ಕಾರಿನ ಜೊತೆಗೇ ಬಂದ ಮೊದಲ ಟೈರಿಗೂ ಹೊಣೆ ಹೊರುವುದು ಟೈರ್ ಕಂಪನಿಯೇ ಹೊರತು ಕಾರು ಕಂಪನಿಯಲ್ಲ. ಕಾರಿನ ವಾರಂಟಿ ಪುಸ್ತಕದಲ್ಲೇ ಇದನ್ನು ನೋಡಬಹುದು. ಅದೇ ಅಳತೆಯ, ಅದೇ ಭಾರ ಮತ್ತು ವೇಗದ ಗುರುತಿನ ಟೈರನ್ನು ಎಲ್ಲಿ ಹಾಕಿಸಿದರೂ ತೊಂದರೆ ಇಲ್ಲ.

ಶೋರೂಮಿನವರು ಟೈರ್ ತಯಾರಿಸುವುದಿಲ್ಲ. ಸಾಮಾನ್ಯವಾಗಿ ಪೇಟೆಯ ವಿತರಕರಿಂದಲೇ ತರಿಸಿ, ತಮ್ಮ ಲಾಭ ಸೇರಿಸಿ ಹಾಕುತ್ತಾರೆ. ಹಾಗಾಗಿ ಶೋರೂಮಿನ ಟೈರ್ ಬೇರೆ, ಅಂಗಡಿಯ ಟೈರ್ ಬೇರೆ ಅಂತೇನಿಲ್ಲ. ಶೋರೂಮಿಗೇ ಹೋಗಬೇಕಾದ ಸಂದರ್ಭಗಳು ಕೆಲವೇ. ಅಪಘಾತದ ವಿಮೆ ಕೆಲಸ ಅಲ್ಲೇ ನಡೆಯುತ್ತಿದ್ದು, ಅದರಲ್ಲಿ ಟೈರೂ ಹಾಳಾಗಿದ್ದರೆ ಎಲ್ಲ ಒಂದೇ ಬಿಲ್ಲಿನಲ್ಲಿ ಬರುವುದು ಒಳ್ಳೆಯದು. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಗಾಲಿಯ ಒಳಗಿರುವ ಕಾರಾದರೆ ಅದನ್ನು ಒಡೆಯದೆ ಬಿಚ್ಚಿ, ಮತ್ತೆ ಹೊಂದಿಸುವವರು ಬೇಕು. ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿಯಂಥ ಕಾರುಗಳಿಗೆ ಕಂಪನಿ ಒಪ್ಪಿದ ಟೈರಿನ ಮೇಲೆ ನಕ್ಷತ್ರ, ಎಂಒ, ಎಒ ಎಂಬ ವಿಶೇಷ ಗುರುತು ಇರುತ್ತದೆ. ಅದೇ ಬೇಕೆಂದರೆ ಶೋರೂಮಿನ ಮೂಲಕ ತರಿಸುವುದು ಸುಲಭ. ಉಳಿದಂತೆ ದಿನಕ್ಕೆ ಹತ್ತಾರು ಟೈರ್ ಬಿಚ್ಚಿ ಹಾಕುವ ಅಂಗಡಿಯವರ ಕೈ ಪಳಗಿರುತ್ತದೆ, ಆಯ್ಕೆಯೂ ಹೆಚ್ಚು. ಶೋರೂಮಿನಲ್ಲಿ ಒಂದು ಮಾತು ಕೇಳಿ: ಟೈರ್ ಬಿಚ್ಚುವ ಯಂತ್ರ ಇಲ್ಲೇ ಇದೆಯೋ, ಇಲ್ಲ ಹೊರಗೆ ಕಳಿಸುತ್ತೀರೋ? ಹೊರಗೆ ಕಳಿಸುವುದಾದರೆ ನೀವೇ ನೇರವಾಗಿ ಅಲ್ಲಿಗೆ ಹೋಗಬಹುದು.

ದರ ಹೋಲಿಸುವಾಗ ಹೆಚ್ಚಿನವರು ಎಡವುವುದು "ಅದೇ ಕಂಪನಿ" ಎಂಬ ಮಾತಿನಲ್ಲಿ. ಒಂದೇ ಕಂಪನಿಯಲ್ಲಿ ಒಂದೇ ಅಳತೆಗೆ ಮೂರು ನಾಲ್ಕು ಬಗೆಯ ಟೈರ್ ಇರುತ್ತವೆ. ಒಂದು ಹೆಚ್ಚು ಬಾಳಿಕೆಗೆ, ಒಂದು ಒದ್ದೆ ರಸ್ತೆಯ ಹಿಡಿತಕ್ಕೆ, ಒಂದು ಮೈಲೇಜಿಗೆ. ದರದ ವ್ಯತ್ಯಾಸ ಅನೇಕ ಸಲ ಅಲ್ಲೇ ಅಡಗಿರುತ್ತದೆ. ಎರಡೂ ಕಡೆ ಬರವಣಿಗೆಯಲ್ಲೇ ಅಂದಾಜು ಕೇಳಿ. ಕಂಪನಿ, ಟೈರಿನ ಬಗೆಯ ಹೆಸರು, ಪೂರ್ತಿ ಅಳತೆ, ತಯಾರಾದ ವಾರ, ತೆರಿಗೆ ಸೇರಿದ ದರ, ಗಾಳಿ ತುಂಬುವ ಹೊಸ ವಾಲ್, ಫಿಟ್ಟಿಂಗ್, ಬ್ಯಾಲೆನ್ಸಿಂಗ್ (ಗಾಲಿಯ ತೂಕ ಸುತ್ತಲೂ ಸಮ ಮಾಡುವುದು), ಅಲೈನ್‌ಮೆಂಟ್ (ಗಾಲಿಗಳ ಕೋನ ಸರಿಪಡಿಸುವುದು), ಹಳೆ ಟೈರಿಗೆ ಕಳೆಯುವ ಮೊತ್ತ ಇಷ್ಟೂ ಬಿಡಿಬಿಡಿಯಾಗಿ ಇರಲಿ. ಆಗ ಮಾತ್ರ ಯಾವುದು ಅಗ್ಗ ಎಂದು ಗೊತ್ತಾಗುತ್ತದೆ.

ತೆರಿಗೆ ಸಾಲನ್ನೂ ನೋಡಿ. ಕಾರಿನ ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ತೆರಿಗೆ ಬಿಟ್ಟು 5,000 ರೂಪಾಯಿಯ ಟೈರಿಗೆ ಮೊದಲು 6,400 ಕೊಡಬೇಕಿತ್ತು, ಈಗ 5,900. ಹಳೆ ದರಪಟ್ಟಿಯನ್ನೇ ಮುಂದಿಟ್ಟರೆ ಕೇಳುವ ಹಕ್ಕು ನಿಮಗಿದೆ.

ಇನ್ನು ನಾಲ್ಕೂ ಬದಲಿಸಲೇಬೇಕೇ ಎಂಬುದು. ಇದನ್ನು ನೀವೇ ಅಳೆಯಬಹುದು. ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ (ಸವೆತದ ಸೂಚಕ) ಎಂಬ ಅಕ್ಷರವೋ, ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ, ನೆಲ ಮುಟ್ಟುವ ಮೈಯಲ್ಲಿರುವ ಕಚ್ಚಿನೊಳಗೆ ನೋಡಿದರೆ ಅಡ್ಡಲಾಗಿ ಒಂದು ಪುಟ್ಟ ದಿಬ್ಬ ಕಾಣುತ್ತದೆ. ಅದರ ಎತ್ತರ 1.6 ಮಿ.ಮೀ. ರಬ್ಬರು ಆ ಮಟ್ಟಕ್ಕೆ ಸವೆದರೆ ಟೈರಿನ ಆಯಸ್ಸು ಮುಗಿಯಿತು; ಮೋಟಾರು ವಾಹನ ನಿಯಮದ ಪ್ರಕಾರವೂ ಅದರ ಮೇಲೆ ಓಡಿಸುವಂತಿಲ್ಲ. ಹೊಸ ಕಾರ್ ಟೈರಿನ ಕಚ್ಚು ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳ. ಬಯಲುಸೀಮೆಯಲ್ಲಿ 2 ಮಿ.ಮೀ.ವರೆಗೂ ಎಳೆದಾರು. ನಮ್ಮಲ್ಲಿ ಹಾಗೆ ಮಾಡಬೇಡಿ. 3 ಮಿ.ಮೀ.ಗಿಂತ ಕೆಳಗೆ ಹೋದ ಮೇಲೆ ಕಚ್ಚು ನೀರನ್ನು ಪಕ್ಕಕ್ಕೆ ಎಸೆಯಲಾರದು, ಒದ್ದೆ ರಸ್ತೆಯಲ್ಲಿ ಬ್ರೇಕಿನ ದೂರ ಬೇಗ ಬೇಗ ಹೆಚ್ಚುತ್ತದೆ. ಆಳ ಅಳೆಯುವ ಪುಟ್ಟ ಗೇಜ್ ಅಗ್ಗಕ್ಕೆ ಸಿಗುತ್ತದೆ. ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ. ಹೊರಗಿನಿಂದ ಚೆನ್ನಾಗಿ ಕಂಡ ಟೈರ್ ಒಳ ಅಂಚಿನಲ್ಲಿ ಬೋಳಾಗಿರುವುದು ಅಪರೂಪವಲ್ಲ. ಸಿಕ್ಕ ಸಂಖ್ಯೆಯನ್ನು ಹಿಡಿದುಕೊಂಡು ಶೋರೂಮಿನವರ ಜೊತೆ ಮಾತಾಡಿ.

ಪ್ರಶ್ನೆ: ವಾರಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುತ್ತೇನೆ. ಮುಂದಿನ ಎರಡು ಟೈರ್ ಸವೆದಿವೆ, ಹಿಂದಿನವು ಅರ್ಧ ಇವೆ. ಹೊಸ ಎರಡನ್ನು ಮುಂದಕ್ಕೆ ಹಾಕಿಸಿದರೆ ಸಾಕಲ್ಲವೇ? ಅಂಗಡಿಯವರು ಹಿಂದಕ್ಕೆ ಹಾಕಿಸಿ ಎನ್ನುತ್ತಾರೆ, ಯಾಕೆಂದು ತಿಳಿಯಲಿಲ್ಲ.
— ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ, ಅವರ ಮಾತು ಕೇಳಿ.

ಮುಂದಿನ ಗಾಲಿಗೆ ಎಂಜಿನ್ ಶಕ್ತಿ ಬರುವ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲ ಮುಂದಿನವೇ. ಅದಕ್ಕೇ ಅವು ಬೇಗ ಸವೆಯುತ್ತವೆ. ಕೆಲಸ ಮಾಡುವ ಗಾಲಿಗೆ ಹೊಸ ಟೈರ್ ಇರಲಿ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುವುದು ಯಾವ ಕಡೆ ಎಂಬುದೇ ಇಲ್ಲಿ ಮುಖ್ಯ. ಮುಂದಿನವು ಜಾರಿದರೆ ಸ್ಟೇರಿಂಗ್ ಹಗುರಾಗುತ್ತದೆ, ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ವೇಗ ತಗ್ಗಿ ಹಿಡಿತ ಮರಳುವ ಅವಕಾಶ ಇರುತ್ತದೆ. ಹಿಂದಿನವು ಜಾರಿದರೆ ಕಾರಿನ ಬಾಲವೇ ಬೀಸಿಕೊಂಡು ಬರುತ್ತದೆ, ಹೆದರಿ ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ. ಸಾಮಾನ್ಯ ಚಾಲಕರು ಅದನ್ನು ಸರಿಪಡಿಸಿಕೊಳ್ಳುವುದು ಕಷ್ಟ. ಘಾಟಿ ಇಳಿಯುವಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಭಾಗ ಹಗುರಾಗಿರುತ್ತದೆ ಬೇರೆ. ಆಗುಂಬೆಯ 14 ತಿರುವುಗಳಲ್ಲಿ ರಸ್ತೆಗೆ ಹರಿದು ಬರುವ ನೀರು, ಕೊಳೆತ ಎಲೆ, ಪಾಚಿ ಇವನ್ನು ನೆನೆಸಿಕೊಂಡರೆ ಹಿಂದಿನ ಗಾಲಿಗೆ ಆಳದ ಕಚ್ಚು ಯಾಕೆ ಬೇಕೆಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಹಿಂದಿನ ಅರ್ಧ ಸವೆದ ಟೈರುಗಳನ್ನು ಮುಂದಕ್ಕೆ ತಂದು, ಹೊಸವನ್ನು ಹಿಂದಕ್ಕೆ ಹಾಕಿಸಿ. ಒಂದೇ ಷರತ್ತು: ಮುಂದಕ್ಕೆ ಬರುವ ಟೈರಿನಲ್ಲಿ ಕನಿಷ್ಠ 3 ಮಿ.ಮೀ. ಕಚ್ಚು ಉಳಿದಿರಬೇಕು. ಇಲ್ಲದಿದ್ದರೆ ನಾಲ್ಕೂ ಬದಲಿಸುವುದೇ ದಾರಿ. ಒಂದೇ ಆಕ್ಸಲಿನ, ಅಂದರೆ ಮುಂದಿನ ಜೋಡಿಯ ಅಥವಾ ಹಿಂದಿನ ಜೋಡಿಯ, ಎರಡು ಕಡೆಗೆ ಬೇರೆ ಬೇರೆ ಕಂಪನಿಯ, ಬೇರೆ ಬಗೆಯ ಟೈರ್ ಖಂಡಿತ ಬೇಡ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಕಾರಾದರೆ ಎರಡೇ ಬದಲಿಸುವ ಮುನ್ನ ಕಾರಿನ ಕೈಪಿಡಿ ನೋಡಿ. ಸುತ್ತಳತೆಯ ವ್ಯತ್ಯಾಸ ಗೇರಿನ ಭಾಗಗಳಿಗೆ ಒತ್ತಡ ಕೊಡುತ್ತದೆ.

ಮುಂದೆ ಈ ಪ್ರಶ್ನೆ ಬರಬಾರದೆಂದರೆ 8,000ದಿಂದ 10,000 ಕಿ.ಮೀ.ಗೊಮ್ಮೆ ಟೈರ್‌ಗಳ ಜಾಗ ಬದಲಿಸಿ. ಮುಂದಿನ ಗಾಲಿಗೆ ಶಕ್ತಿ ಇರುವ ಕಾರಿನಲ್ಲಿ ಮುಂದಿನವು ಅದೇ ಬದಿಯಲ್ಲಿ ನೇರ ಹಿಂದಕ್ಕೆ, ಹಿಂದಿನವು ಎಡ–ಬಲ ಅದಲುಬದಲಾಗಿ ಮುಂದಕ್ಕೆ. ಸೈಡ್‌ವಾಲಿನಲ್ಲಿ (ಟೈರಿನ ಪಕ್ಕದ ಗೋಡೆಯಲ್ಲಿ) ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಮಾತ್ರ ಬದಿ ಬದಲಿಸುವಂತಿಲ್ಲ, ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಅಷ್ಟೆ.

ಪ್ರಶ್ನೆ: ಹೊಸದೆಂದು ಕೊಟ್ಟ ಟೈರ್ ತಯಾರಾಗಿ 14 ತಿಂಗಳಾಗಿದೆ ಎಂದು ಸ್ನೇಹಿತರು ಹೇಳಿದರು. ಇದನ್ನು ನೋಡುವುದು ಹೇಗೆ? ವಾಪಸ್ ಕೊಡಬೇಕೇ? ನಾನು ವರ್ಷಕ್ಕೆ 6,000 ಕಿ.ಮೀ. ಓಡಿಸಿದರೆ ಹೆಚ್ಚು.
— ಓದುಗರು, ಕೊಪ್ಪ

ಉತ್ತರ: ಸೈಡ್‌ವಾಲಿನಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 1825 ಎಂದಿದ್ದರೆ 2025ರ 18ನೇ ವಾರ, ಅಂದರೆ ಏಪ್ರಿಲ್ ಕೊನೆ. ಈ ಅಂಕಿ ಟೈರಿನ ಒಂದೇ ಬದಿಯಲ್ಲಿ ಇರುವುದು ಸಾಮಾನ್ಯ. ಆ ಬದಿ ಕಾರಿನ ಒಳಮುಖಕ್ಕೆ ಹೋದರೆ ಹಾಕಿದ ಮೇಲೆ ಕಾಣುವುದಿಲ್ಲ. ಅದಕ್ಕೇ ಯಂತ್ರಕ್ಕೆ ಏರಿಸುವ ಮೊದಲೇ ನೋಡಬೇಕು, ಬಿಲ್ಲಿನಲ್ಲಿ ಬರೆಸಬೇಕು.

ನೆರಳಿನಲ್ಲಿ, ತಂಪಾದ ಕಡೆ ಇಟ್ಟ ಟೈರ್ 14 ತಿಂಗಳಿಗೆ ಕೆಟ್ಟುಹೋಗುವುದಿಲ್ಲ. ಅಂಗಡಿಯ ಮುಂದೆ ಬಿಸಿಲಿಗೆ ಜೋಡಿಸಿಟ್ಟದ್ದು, ಕಂಪ್ರೆಸರ್ ಮೋಟಾರಿನ ಪಕ್ಕ ಒರಗಿಸಿಟ್ಟದ್ದು ಅದಕ್ಕಿಂತ ಹೊಸದಿದ್ದರೂ ಕೆಟ್ಟದ್ದು; ಬಿಸಿಲೂ ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ಅನಿಲವೂ ರಬ್ಬರನ್ನು ಬಿರುಕುಬಿಡಿಸುತ್ತವೆ. ಆದರೂ ನಿಮ್ಮ ಲೆಕ್ಕ ಬೇರೆ. ಟೈರ್ 40,000 ಕಿ.ಮೀ. ಬಾಳುತ್ತದೆಂದರೆ ವರ್ಷಕ್ಕೆ ಅಷ್ಟೂ ಓಡುವ ಟ್ಯಾಕ್ಸಿಗೆ ತಯಾರಾದ ದಿನ ಮುಖ್ಯವೇ ಅಲ್ಲ, ಸವೆದೇ ಹೋಗುತ್ತದೆ. ನಿಮ್ಮ ಕಾರಿನಲ್ಲಿ ಅದು ಸವೆಯಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ಅಂದರೆ ನಿಮ್ಮ ಟೈರ್ ಸಾಯುವುದು ಸವೆದಲ್ಲ, ವಯಸ್ಸಾಗಿ. ಮೊದಲೇ ಕಳೆದುಹೋದ 14 ತಿಂಗಳು ನಿಮ್ಮ ಪಾಲಿಗೆ ನಿಜವಾದ ನಷ್ಟ. ಬದಲಿಸಿ ಕೊಡಲು ಕೇಳಿ. ಇನ್ನೂ ಫಿಟ್ ಮಾಡದಿದ್ದರೆ ಹೆಚ್ಚಿನವರು ಒಪ್ಪುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಆರು ತಿಂಗಳ ಒಳಗಿನದಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು, ವರ್ಷದವರೆಗೆ ದರ ಇಳಿಸಿದರೆ ಸರಿ. ಐದು ವರ್ಷ ದಾಟಿದ ಟೈರನ್ನು ಕಚ್ಚು ಎಷ್ಟೇ ಇರಲಿ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ. ಹತ್ತು ವರ್ಷ ದಾಟಿದ್ದನ್ನು ಬಿಸಾಡಬೇಕು. ಸ್ಟೆಪ್ನಿಗೂ ಇದೇ ಲೆಕ್ಕ, ನೆಲ ಮುಟ್ಟದಿದ್ದರೂ ಅದಕ್ಕೂ ವಯಸ್ಸಾಗುತ್ತದೆ.

ಪ್ರಶ್ನೆ: ನನ್ನ ಕಾರಿಗೆ ಬಂದದ್ದು 165/80 ಆರ್14. ಅಗಲದ ಟೈರ್ ಹಾಕಿಸಿದರೆ ಮಳೆಯಲ್ಲಿ ಹಿಡಿತ ಜಾಸ್ತಿ ಎನ್ನುತ್ತಾರೆ. 185/65 ಆರ್15 ಅಥವಾ 195/65 ಆರ್15 ಅಲಾಯ್ (ಮಿಶ್ರಲೋಹದ) ರಿಮ್ ಜೊತೆ ಹಾಕಿಸಬಹುದೇ?
— ಓದುಗರು, ಸಾಗರ

ಉತ್ತರ: ಮೊದಲು ಅಂಕಿಗಳ ಅರ್ಥ. 165 ಎಂದರೆ ಟೈರಿನ ಅಗಲ, ಮಿ.ಮೀ.ಗಳಲ್ಲಿ. 80 ಎಂದರೆ ಸೈಡ್‌ವಾಲಿನ ಎತ್ತರ ಆ ಅಗಲದ ಶೇ 80. ಆರ್ ಎಂದರೆ ರೇಡಿಯಲ್ (ಟೈರ್ ಕಟ್ಟಿದ ಬಗೆ), 14 ಎಂದರೆ ಟೈರ್ ಕೂರುವ ರಿಮ್ಮಿನ ವ್ಯಾಸ ಇಂಚಿನಲ್ಲಿ. ಇದರಿಂದ ಗಾಲಿಯ ಪೂರ್ತಿ ಎತ್ತರ ಲೆಕ್ಕ ಹಾಕಬಹುದು. ಸೈಡ್‌ವಾಲ್ 132 ಮಿ.ಮೀ., ಮೇಲೆ ಕೆಳಗೆ ಸೇರಿ 264, ರಿಮ್ 355.6, ಒಟ್ಟು 619.6 ಮಿ.ಮೀ. ಇದೇ ರೀತಿ 185/65 ಆರ್15ಕ್ಕೆ 621.5 ಬರುತ್ತದೆ, 2 ಮಿ.ಮೀ.ನಷ್ಟೂ ವ್ಯತ್ಯಾಸವಿಲ್ಲ. 195/65 ಆರ್15ಕ್ಕೆ 634.5, ಅಂದರೆ ಶೇ 2.4 ಹೆಚ್ಚು. ಸ್ಪೀಡೋಮೀಟರ್ ಆಗ ನಿಜಕ್ಕಿಂತ ಅಷ್ಟು ಕಡಿಮೆ ತೋರಿಸುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ, ಜನ ತುಂಬಿ ಗುಂಡಿಗೆ ಇಳಿದಾಗ ಒಳಗೆ ಉಜ್ಜುವ ಸಂಭವವೂ ಇದೆ. ಇದನ್ನು ಬಿಟ್ಟುಬಿಡಿ.

185/65 ಆರ್15 ಹಾಕಬಹುದೋ ಎಂಬುದಕ್ಕೆ ನಿಮ್ಮದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿ ಅದನ್ನೇ ಕೊಟ್ಟಿದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಕೊಟ್ಟಿದ್ದರೆ ಅಡ್ಡಿಯಿಲ್ಲ. ಅಳತೆಯ ಮುಂದೆ 85ಟಿ, 88ಎಚ್ ಎಂಬ ಗುರುತು ಇರುತ್ತದಲ್ಲ, ಅದು ಮೂಲದ್ದಕ್ಕಿಂತ ಕಡಿಮೆಯಾಗಬಾರದು. 85 ಎಂದರೆ ಒಂದು ಟೈರ್ 515 ಕೆ.ಜಿ. ಹೊರಬಲ್ಲದು, 88 ಎಂದರೆ 560 ಕೆ.ಜಿ. ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ ಎಂದರೆ 210 ಕಿ.ಮೀ.ವರೆಗಿನ ತಾಳಿಕೆ. ಅಲಾಯ್ ಕೊಳ್ಳುವಾಗ ಬೋಲ್ಟ್ ವೃತ್ತದ ಅಳತೆ, ನಡುವಿನ ತೂತು, ರಿಮ್ ಒಳಕ್ಕೆ ಕೂರುವ ಆಳ ಮೂರೂ ಕಾರಿಗೆ ಹೊಂದಬೇಕು.

ಆದರೆ ಮಳೆಯಲ್ಲಿ ಹಿಡಿತ ಜಾಸ್ತಿ ಎಂಬ ಮಾತು ಅರ್ಧ ಸತ್ಯ. ನಿಂತ ನೀರಿನ ಮೇಲೆ ಅಗಲದ ಟೈರ್ ಹೆಚ್ಚು ನೀರನ್ನು ತಳ್ಳಬೇಕು, ಹಾಗಾಗಿ ಬೇಗ ತೇಲುತ್ತದೆ. ಒದ್ದೆಯಲ್ಲಿ ಹಿಡಿತ ಕೊಡುವುದು ರಬ್ಬರಿನ ಗುಣ, ಕಚ್ಚಿನ ಆಳ, ಸರಿಯಾದ ಗಾಳಿ. ಸೈಡ್‌ವಾಲ್ ತೆಳುವಾದಷ್ಟೂ ಗುಂಡಿಯ ಪೆಟ್ಟು ನೇರ ರಿಮ್ಮಿಗೆ ಹೋಗುತ್ತದೆ. ತೋಟದ ಜಂಬಿಟ್ಟಿಗೆ ರಸ್ತೆಯಲ್ಲಿ, ಮಳೆಗಾಲದಲ್ಲಿ ಕಿತ್ತುಹೋದ ಡಾಂಬರಿನಲ್ಲಿ ಓಡಾಡುವವರಿಗೆ ಎತ್ತರದ ಸೈಡ್‌ವಾಲಿನ 14 ಇಂಚೇ ಲೇಸು. ಅಲಾಯ್‌ಗೆ ಇಟ್ಟ ಹಣದಲ್ಲಿ ಅದೇ ಅಳತೆಯ, ಒದ್ದೆ ಹಿಡಿತ ಚೆನ್ನಾಗಿರುವ ಟೈರ್ ಕೊಳ್ಳಿ.

ಪ್ರಶ್ನೆ: ಟೈರ್ ಹಾಕಿಸುವಾಗ ಎದುರಿಗೆ ನಿಂತು ಏನೇನು ನೋಡಬೇಕು?
— ಓದುಗರು, ಭದ್ರಾವತಿ

ಉತ್ತರ: ಅಗತ್ಯವಾಗಿ ನಿಲ್ಲಿ. ಬೆಳಿಗ್ಗೆ ಬೇಗ ಹೋಗಿ, ಗಡಿಬಿಡಿ ಇರುವುದಿಲ್ಲ.

ಹಳೆ ಟೈರ್ ಬಿಚ್ಚಿದ ಮೇಲೆ ರಿಮ್ಮಿನ ಅಂಚು ನೋಡಿ. ಕಬ್ಬಿಣದ ರಿಮ್ ಆದರೆ ನಮ್ಮ ತೇವಕ್ಕೆ ಅಲ್ಲಿ ತುಕ್ಕು ಕಟ್ಟಿರುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲುವುದು ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿರುವುದರಿಂದಲೇ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿಸದೆ ಹಾಗೇ ಏರಿಸಿದರೆ ವಾರಕ್ಕೆ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತಲೇ ಇರುತ್ತದೆ, ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ. ರಬ್ಬರ್ ವಾಲ್ ಹೊಸದನ್ನೇ ಹಾಕಿಸಿ, ಅದರ ಬೆಲೆ ಅಲ್ಪ. ಹಳೆಯದು ಬುಡದಲ್ಲಿ ಬಿರಿದು ದಾರಿಯಲ್ಲಿ ಕೈಕೊಡುತ್ತದೆ. ಅಂಚಿಗೆ ಟೈರಿನ ಪೇಸ್ಟ್ ಅಥವಾ ಸೋಪು ನೀರು ಹಚ್ಚಲಿ. ಗ್ರೀಸ್, ಎಂಜಿನ್ ಆಯಿಲ್ ಹಚ್ಚಲು ಬಿಡಬೇಡಿ, ರಬ್ಬರ್ ತಿನ್ನುತ್ತವೆ.

ಟೈರಿನ ಮೇಲೆ ಔಟ್‌ಸೈಡ್ ಎಂದು ಬರೆದಿದ್ದರೆ ಆ ಬದಿ ಹೊರಕ್ಕೆ ಬರಬೇಕು, ಬಾಣ ಇದ್ದರೆ ಕಾರು ಮುಂದೆ ಹೋಗುವ ದಿಕ್ಕಿಗೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಭಾಗ. ವಾಲ್ ಇರುವ ಕಡೆಗೆ ಅದನ್ನು ತಂದು ಕೂರಿಸಿದರೆ ಬ್ಯಾಲೆನ್ಸಿಂಗ್‌ಗೆ ಕಡಿಮೆ ತೂಕ ಸಾಕಾಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ಒಂದು ಗಾಲಿಗೆ 60–70 ಗ್ರಾಂಗಿಂತ ಹೆಚ್ಚು ತೂಕ ಕೇಳಿದರೆ ಸೀಸ ಅಂಟಿಸುತ್ತಾ ಹೋಗದೆ, ಗಾಳಿ ತೆಗೆದು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ. ತೂಕ ಹಾಕಿದ ಮೇಲೆ ಇನ್ನೊಮ್ಮೆ ತಿರುಗಿಸಿ ಎರಡೂ ಬದಿ ಸೊನ್ನೆ ಬಂದದ್ದನ್ನು ನಿಮಗೆ ತೋರಿಸಲಿ.

ಬೋಲ್ಟ್ ಬಿಗಿಯುವುದರಲ್ಲಿ ತಪ್ಪು ಹೆಚ್ಚು. ಗಾಳಿ ಗನ್ನಿನಿಂದ ಗರ್ರೆಂದು ಬಿಗಿದರೆ ಬೋಲ್ಟಿನ ಮರೆ (ಸುರುಳಿ ಕಚ್ಚು) ಎಳೆದುಹೋಗುತ್ತದೆ, ಮಳೆಯಲ್ಲಿ ದಾರಿ ನಡುವೆ ಪಂಕ್ಚರ್ ಆದಾಗ ಕಾರಿನ ಪಾನದಿಂದ (ಸ್ಪ್ಯಾನರ್) ಬಿಚ್ಚಲೂ ಆಗುವುದಿಲ್ಲ. ಕೈಯಿಂದ ಕೂರಿಸಿ, ಎದುರುಬದುರಾಗಿ ಬಿಗಿದು, ಕೊನೆಯಲ್ಲಿ ಬಿಗಿತ ಅಳೆಯುವ ಟಾರ್ಕ್ ಪಾನದಿಂದ ಕಾರಿನ ಕೈಪಿಡಿಯ ಅಳತೆಗೆ ನಿಲ್ಲಿಸಬೇಕು. ಹೆಚ್ಚಿನ ಸಣ್ಣ ಕಾರುಗಳಿಗೆ ಇದು 85ರಿಂದ 120 ನ್ಯೂಟನ್ ಮೀಟರ್ ನಡುವೆ. ಹಾಕಿಸಿ 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಗಾಳಿ ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿ ಬರೆದಷ್ಟು. ಟೈರಿನ ಮೇಲೆ ಬರೆದಿರುವುದು ಅದು ತಾಳುವ ಗರಿಷ್ಠ, ಹೊಡೆಸಬೇಕಾದ್ದಲ್ಲ. ಮೊದಲ 200–300 ಕಿ.ಮೀ. ಘಾಟಿಯಲ್ಲಿ ಸಾವಧಾನವಾಗಿ ಹೋಗಿ, ಅಚ್ಚಿನಿಂದ ಬಂದ ಜಿಡ್ಡು ಸವೆದ ಮೇಲೆಯೇ ಪೂರ್ತಿ ಹಿಡಿತ ಬರುವುದು.

ಪ್ರಶ್ನೆ: ಎಂಟು ತಿಂಗಳ ಹಿಂದೆ ಹಾಕಿಸಿದ ಟೈರ್ ಗುಂಡಿಗೆ ಬಿದ್ದ ಮೇಲೆ ಪಕ್ಕಕ್ಕೆ ನಿಂಬೆಹಣ್ಣಿನಷ್ಟು ಉಬ್ಬಿದೆ. ಅಂಗಡಿಯವರು ವಾರಂಟಿ ಬರುವುದಿಲ್ಲ ಎಂದು ಕೈತೊಳೆದುಕೊಂಡರು. ಟ್ಯೂಬ್ ಹಾಕಿ ಓಡಿಸಬಹುದೇ?
— ಓದುಗರು, ಹೊಸನಗರ

ಉತ್ತರ: ಓಡಿಸಬೇಡಿ, ಈಗಲೇ ಸ್ಟೆಪ್ನಿ ಹಾಕಿಕೊಳ್ಳಿ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ ಸಿಕ್ಕಿ ಹಿಸುಕಿದಾಗ ಒಳಗಿನ ನೂಲಿನ ಎಳೆಗಳು ತುಂಡಾಗುತ್ತವೆ. ಆಮೇಲೆ ಗಾಳಿಯನ್ನು ತಡೆದಿರುವುದು ಬರೀ ರಬ್ಬರ್. ಅದು ಯಾವಾಗ ಬೇಕಾದರೂ ಸಿಡಿಯಬಹುದು. ತುಂಡಾದ ಎಳೆಯನ್ನು ಟ್ಯೂಬ್ ಕೂಡಿಸುವುದಿಲ್ಲ, ಪ್ಯಾಚ್ ಕೂಡಿಸುವುದಿಲ್ಲ.

ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ, ಪೆಟ್ಟಿಗಲ್ಲ. ಆದರೆ ಅದು ಪೆಟ್ಟೋ ದೋಷವೋ ಎಂದು ತೀರ್ಮಾನಿಸಬೇಕಾದ್ದು ಅಂಗಡಿಯವರಲ್ಲ, ಟೈರ್ ಕಂಪನಿಯ ಪರಿಣತರು. ಟೈರನ್ನು ಬಿಲ್ ಸಮೇತ ಅಧಿಕೃತ ಡೀಲರ್ ಬಳಿ ಕೊಟ್ಟು, ದೂರಿನ ಸಂಖ್ಯೆ ಪಡೆಯಿರಿ. ಬಿಚ್ಚಿ ಒಳಗೆ ನೋಡಿದಾಗ ಅದೇ ಜಾಗದಲ್ಲಿ ಜಜ್ಜಿದ ಗೀರು ಕಂಡರೆ ಪೆಟ್ಟು ಖಚಿತ. ಹಾಗಿದ್ದರೆ ಅಲೆದಾಡಿ ಸಮಯ ಕಳೆಯಬೇಡಿ. ಗೀರಿಲ್ಲದೆ ಉಬ್ಬಿದ್ದರೆ, ಮೇಲಿನ ರಬ್ಬರ್ ಪದರ ಬಿಟ್ಟುಕೊಂಡಿದ್ದರೆ ಹಿಡಿದು ಕೇಳಿ. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಲು ಹೇಳಿ. ಕೆಲವು ಕಂಪನಿಗಳು ಕೊಂಡ ಕೂಡಲೇ ನೋಂದಾಯಿಸಿಕೊಂಡವರಿಗೆ ಪೆಟ್ಟಿಗೂ ಸೇರಿ ಹೆಚ್ಚುವರಿ ವಾರಂಟಿ ಕೊಡುತ್ತವೆ, ನಿಮ್ಮ ಬಿಲ್ಲಿನ ಜೊತೆ ಅಂಥದ್ದೇನಾದರೂ ಇದೆಯೇ ನೋಡಿ.

ಒಪ್ಪಿದರೂ ಪೂರ್ತಿ ಹಣ ಸಿಗುವುದಿಲ್ಲ, ಉಳಿದ ಕಚ್ಚಿನ ಲೆಕ್ಕ. ಹೊಸದರಲ್ಲಿ 8 ಮಿ.ಮೀ. ಇದ್ದರೆ ಬಳಕೆಗೆ ಬರುವುದು 1.6 ಕಳೆದು 6.4. ಈಗ 4.8 ಉಳಿದಿದ್ದರೆ ಬಳಕೆಗೆ ಉಳಿದದ್ದು 3.2, ಅಂದರೆ ಅರ್ಧ. ಹೊಸ ಟೈರಿನ ಅರ್ಧ ಬೆಲೆ ನೀವು ಕೊಡಬೇಕು.

ನ್ಯಾಯವಾದ ದೂರನ್ನು ತಳ್ಳಿಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕಾರಿನ ಸಾಮಾನ್ಯ ಪ್ಯಾಕೇಜ್ ವಿಮೆಯಲ್ಲಿ ಟೈರ್ ಒಂದೇ ಹಾಳಾದರೆ ಏನೂ ಬರುವುದಿಲ್ಲ. ಅದೇ ಪೆಟ್ಟಿಗೆ ಕಾರಿನ ಬೇರೆ ಭಾಗವೂ ಹಾಳಾಗಿದ್ದರೆ ಟೈರಿನ ಬೆಲೆಯ ಶೇ 50ರವರೆಗೆ ಸಿಗುತ್ತದೆ.

ಪ್ರಶ್ನೆ: ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದರೂ 9,000 ಕಿ.ಮೀ.ಗೆ ಮುಂದಿನ ಎರಡರ ಒಳ ಅಂಚು ಸವೆದಿದೆ. ಟೈರ್ ಕಳಪೆಯೇ?
— ಓದುಗರು, ಸೊರಬ

ಉತ್ತರ: ಟೈರಿನದ್ದಲ್ಲ, ಕಾರಿನದ್ದು. ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡು ಸವೆದರೆ ಗಾಳಿ ಜಾಸ್ತಿ, ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್. ಒಳ ಅಂಚು ಮಾತ್ರ ಸವೆದಿದೆಯೆಂದರೆ ಗಾಲಿಗಳು ಮುಂದುಗಡೆ ಹೊರಕ್ಕೆ ತೆರೆದುಕೊಂಡಿವೆ, ಇಲ್ಲವೇ ಮೇಲ್ಭಾಗ ಒಳಕ್ಕೆ ವಾಲಿವೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಸವರಿ. ಒಂದು ಕಡೆಗೆ ನುಣುಪು, ಹಿಂದಕ್ಕೆ ಎಳೆದಾಗ ಗರಗಸದಂತೆ ಚುಚ್ಚಿದರೆ ಮೊದಲನೆಯದು.

ಅಲೈನ್‌ಮೆಂಟ್ ಮಾಡಿಸಿಯೂ ಹೀಗಾಗಲು ನಮ್ಮ ಕಡೆ ಸಾಮಾನ್ಯ ಕಾರಣ, ಸವೆದ ಭಾಗಗಳ ಮೇಲೆ ಅಲೈನ್‌ಮೆಂಟ್ ಮಾಡಿಸುವುದು. ಗಾಲಿಯನ್ನು ಹಿಡಿದಿಡುವ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇವು ಸಡಿಲಾಗಿ ಆಟ ಬಂದಿದ್ದರೆ ಯಂತ್ರದ ಮೇಲೆ ನಿಂತಾಗ ಬಂದ ಅಳತೆ ರಸ್ತೆಗೆ ಇಳಿದ ಕೂಡಲೇ ಬದಲಾಗುತ್ತದೆ. ಕಾರನ್ನು ಎತ್ತಿಸಿ, ಗಾಲಿಯನ್ನು ಎಡಬಲಕ್ಕೂ ಮೇಲೆ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿಸಿ. ಆಟ ಇರುವ ಭಾಗ ಬದಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹೊಡೆಸಿ, ಆಮೇಲೆ ಅಲೈನ್‌ಮೆಂಟ್. ಮಾಡುವ ಮೊದಲಿನ ಮತ್ತು ನಂತರದ ಅಳತೆಯ ಮುದ್ರಿತ ಪ್ರತಿ ಕೇಳಿ ಪಡೆಯಿರಿ.

ಪ್ರಶ್ನೆ: ನೈಟ್ರೋಜನ್ ಹಾಕಿಸಲೇಬೇಕೇ?
— ಓದುಗರು, ಶಿಕಾರಿಪುರ

ಉತ್ತರ: ಬೇಕಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಪುಕ್ಕಟೆ ಹಾಕಿದರೆ ಹಾಕಿಸಿ, ಮುಂದೆ ಅದಕ್ಕೆ ಸಾದಾ ಗಾಳಿ ಬೆರೆತರೂ ಏನೂ ಆಗದು. ಹದಿನೈದು ದಿನಕ್ಕೊಮ್ಮೆ ಟೈರ್ ತಣ್ಣಗಿರುವಾಗ ಒತ್ತಡ ನೋಡಿಸಿ. ಹವೆ 10 ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹೊಡೆಸಿದ್ದು ಜುಲೈಗೆ ಸಾಲುವುದಿಲ್ಲ.

ಪ್ರಶ್ನೆ: ತೋಟದ ರಸ್ತೆಯಲ್ಲಿ ಬಿದಿರ ಮುಳ್ಳು, ಗೂಟ ಚುಚ್ಚಿ ಪದೇ ಪದೇ ಪಂಕ್ಚರ್. ಒಂದು ಟೈರಿಗೆ ಎಷ್ಟು ಪಂಕ್ಚರ್ ಹಾಕಿಸಬಹುದು?
— ಅಡಿಕೆ ಬೆಳೆಗಾರರು, ಕೋಣಂದೂರು

ಉತ್ತರ: ಎಷ್ಟು ಎನ್ನುವುದಕ್ಕಿಂತ ಎಲ್ಲಿ, ಎಷ್ಟು ದೊಡ್ಡದು ಎನ್ನುವುದೇ ಮುಖ್ಯ. ನೆಲ ಮುಟ್ಟುವ ನಡುಭಾಗದಲ್ಲಿ, 6 ಮಿ.ಮೀ. ಒಳಗಿನ ತೂತಾದರೆ ಸರಿಪಡಿಸಬಹುದು. ಅಂಚಿನಲ್ಲಿ, ಸೈಡ್‌ವಾಲಿನಲ್ಲಿ ಆದರೆ ಬೇಡ. ಹೊರಗಿನಿಂದ ತುರುಕುವ ದಾರ ಊರು ಮುಟ್ಟಲು ಒಳ್ಳೆಯದು. ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ, ತೂತನ್ನೂ ತುಂಬುವ ಪ್ಯಾಚ್ ಹಾಕಿಸಿ, ಇಲ್ಲದಿದ್ದರೆ ತೂತಿನ ಮೂಲಕ ನೀರು ಇಳಿದು ಒಳಗಿನ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ನಮ್ಮ ಮಳೆಯಲ್ಲಿ ಇದನ್ನು ಅಲಕ್ಷಿಸಬಾರದು. ಗಾಳಿ ಇಳಿದ ಮೇಲೂ ಸ್ವಲ್ಪ ದೂರ ಓಡಿಸಿದ್ದರೆ ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಕಾಣುತ್ತದೆ. ಕಂಡರೆ ಆ ಟೈರ್ ಕೆಲಸಕ್ಕೆ ಬಾರದು.

ಪ್ರಶ್ನೆ: ಹಳೆ ಟೈರನ್ನು ಅಂಗಡಿಯಲ್ಲೇ ಬಿಡಬೇಕೇ, ಮನೆಗೆ ತರಬೇಕೇ?
— ಓದುಗರು, ಶೃಂಗೇರಿ

ಉತ್ತರ: ಅವು ನಿಮ್ಮ ಸ್ವತ್ತು. ಅಲ್ಲೇ ಬಿಡುವುದಾದರೆ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿ. ನಾಲ್ಕರಲ್ಲಿ ಚೆನ್ನಾಗಿರುವುದೊಂದು ಈಗಿನ ಸ್ಟೆಪ್ನಿಗಿಂತ ಹೊಸ ವಯಸ್ಸಿನದಾಗಿದ್ದು ಅಳತೆ ಒಂದೇ ಆಗಿದ್ದರೆ ಅದನ್ನು ಸ್ಟೆಪ್ನಿಗೆ ಹಾಕಿಸಿ. ಉಳಿದದ್ದನ್ನು ಮನೆಗೆ ತಂದು ಕೊಟ್ಟಿಗೆಯ ಹಿಂದೆ ಎಸೆಯುವುದು ಮಾತ್ರ ಬೇಡ. ಟೈರಿನೊಳಗೆ ಮಳೆನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ, ನಮ್ಮಲ್ಲಿ ಆ ನೀರು ನಾಲ್ಕು ತಿಂಗಳು ಒಣಗುವುದೂ ಇಲ್ಲ. ಗಿಡ ನೆಡಲೋ, ಉಯ್ಯಾಲೆಗೋ ಬೇಕೆಂದರೆ ತಳಭಾಗಕ್ಕೆ ನಾಲ್ಕೈದು ಕಡೆ ಡ್ರಿಲ್‌ನಿಂದ ತೂತು ಹಾಕಿಸಿ, ನೀರು ಇಳಿದುಹೋಗಲಿ.